ಹೊಟ್ಟೆನೋವಿನ ಅಕ್ಕ

ಆ ಖಾಸಗಿ ವಿಶ್ವವಿದ್ಯಾಲಯಕ್ಕೆ ದೇಶದ ಉದ್ದಗಲಕ್ಕೂ ಕ್ಯಾಂಪಸ್ಸುಗಳು. ಎಲ್ಲ ಕಡೆಯೂ ಅದೇ ಬೂದು ಗೋಡೆ, ಅದೇ ಗಾಜಿನ ಬಾಗಿಲು. ಸಂಶೋಧನೆಗೆ ಹೆಸರಾದ ಜಾಗ. ಅಲ್ಲಿ ಹೊಟ್ಟೆನೋವಿಗೂ ಒಂದು ಶಿಸ್ತು. ಒಂದೂರಿನ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಸಿಕ್ಕ ಹೊಟ್ಟೆನೋವೇ ಇನ್ನೊಂದೂರಿನವನಿಗೂ ಸಿಗಬೇಕು, ಒಂದಕ್ಷರ ಹೆಚ್ಚುಕಡಿಮೆ ಆಗಕೂಡದು. ಡಾಕ್ಟರಿಕೆ ಓದುವವರ ಮುಂದೆ ರೋಗಿಯಂತೆ ನಟಿಸಲು ಸಂಬಳದ ಜನರಿದ್ದರು. ಅವರಲ್ಲಿ ಅಕ್ಕನದು ಹೊಟ್ಟೆನೋವು. ಕ್ಯಾಂಪಸ್ಸಿನಿಂದ ಕ್ಯಾಂಪಸ್ಸಿಗೆ ಬಸ್ಸಿನಲ್ಲಿ ಅದನ್ನು ಹೊತ್ತು ತಿರುಗುವುದೇ ಅವಳ ಕೆಲಸ.

ಅವಳೂ ಅವಳ ತಂಗಿಯೂ ಮೊದಲು ಅಲ್ಲಿನ ಲಾಂಡ್ರಿಯಲ್ಲಿದ್ದವರು. ವಿದ್ಯಾರ್ಥಿಗಳ ಬಿಳಿ ಕೋಟುಗಳನ್ನು ಒಗೆದು, ಒದ್ದೆ ಗಂಟನ್ನು ಬೆನ್ನಿಗೇರಿಸಿ ತಾರಸಿಗೆ ಒಯ್ಯುತ್ತಿದ್ದರು. ತಂಗಿ ಅಲ್ಲೇ ಉಳಿದಳು. ಗಂಡನನ್ನು ಕಳೆದುಕೊಂಡ ಮೇಲೆ ಮಾತೇ ನಿಂತುಹೋಗಿದ್ದ ಅಕ್ಕ ಈ ಹೊಸ ಕೆಲಸದಲ್ಲಿ ಅರಳಿದಳು ಅನ್ನಬೇಕು.

"ಹುಟ್ಟಿದಾಗಿಂದ ನನ್ನನ್ನ ಯಾರೂ ಎಲ್ಲಿ ನೋವು ಅಂತ ಕೇಳಿರ್ಲಿಲ್ಲ ಕಣೇ. ಈಗ ಬೆಳಗಿಂದ ಸಂಜೆವರೆಗೂ ಕೇಳ್ತಾರೆ," ಎನ್ನುತ್ತಿದ್ದಳು.

ಅವಳಿಗೆ ಬರೆದುಕೊಟ್ಟಿದ್ದ ಮಾತುಗಳಿಗೆ ಇಬ್ಬರೂ ಇಟ್ಟ ಹೆಸರು ಪಾಠ. "ಹೊಕ್ಕುಳ ಹತ್ರ ಶುರುವಾಯ್ತು ಡಾಕ್ಟ್ರೇ. ಆಮೇಲೆ ಬಲಗಡೆ ಕೆಳಗೆ ಇಳೀತು. ಚಾಕು ಆಡಿಸಿದ ಹಾಗಾಗುತ್ತೆ." ಬಲಗಡೆ ಒತ್ತಿದರೆ ಅಯ್ಯೋ ಎಂದು ವಿದ್ಯಾರ್ಥಿಯ ಕೈ ಹಿಡಿಯಬೇಕು. ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಲೂ ಇದನ್ನೇ ಗುನುಗುತ್ತಿದ್ದಳು. ತಂಗಿಗೆ ಕೇಳಿ ಕೇಳಿ ಕಿವಿ ತೂತಾಗಿತ್ತು.

ಒಂದು ಚಳಿಗಾಲದಲ್ಲಿ ದೂರದ ಕ್ಯಾಂಪಸ್ಸಿನಿಂದ ಬಂದ ಅಕ್ಕ ಗೋಡೆ ಹಿಡಿದು ಕೂತಳು. "ಒಳಗೆ ಏನೋ ಸರಿಯಿಲ್ಲ ಕಣೇ," ಎಂದಳು.

ತಂಗಿಗೆ ನಗು ಬಂತು. "ನಂಗೇನು ಮಾರ್ಕ್ಸ್ ಬೇಕಿಲ್ಲ. ಪಾಠ ಸಾಕು, ಊಟಕ್ಕೆ ಬಾ."

ಅಕ್ಕನೂ ನಕ್ಕಳು. ತಟ್ಟೆ ಮುಂದಿಟ್ಟುಕೊಂಡು ಕೂತಳು, ಉಣ್ಣಲಿಲ್ಲ. ಆಮೇಲೂ ಎಷ್ಟೋ ಸಲ ಅವಳು ಹೇಳಹೊರಟಿದ್ದು, ಇವಳು ನಕ್ಕು ಮಾತು ತೇಲಿಸಿದ್ದು ಉಂಟು. ರವಿಕೆ ಸಡಿಲವಾಗಿ ಭುಜದಿಂದ ಜಾರತೊಡಗಿದ ಮೇಲೆ ತಂಗಿಯೇ ಹೆದರಿ ಅವಳನ್ನು ವಿಶ್ವವಿದ್ಯಾಲಯದ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಅಲ್ಲಿದ್ದವನು ಅಕ್ಕನ ಮೇಲೆಯೇ ಪರೀಕ್ಷೆ ಪಾಸು ಮಾಡಿದ್ದ ಹುಡುಗ, ಈಗ ಡಾಕ್ಟರು. ಗುರುತು ಹಿಡಿದು ಎದ್ದು ನಿಂತ. "ಎಲ್ಲಿ ನೋವು ಹೇಳಿ ಅಕ್ಕ."

ಅಕ್ಕ ಬಾಯಿ ತೆರೆದಳು. "ಹೊಕ್ಕುಳ ಹತ್ರ ಶುರುವಾಯ್ತು ಡಾಕ್ಟ್ರೇ..."

ತಂಗಿ ಬೆಚ್ಚಿ ಅವಳ ಮುಖ ನೋಡಿದಳು. ಅಕ್ಕನೂ ಗಾಬರಿಯಲ್ಲಿದ್ದಳು, ಆದರೆ ನಾಲಿಗೆ ನಿಲ್ಲಲಿಲ್ಲ. ಬಲಗಡೆ ಇಳಿಸಿದಳು, ಚಾಕು ಆಡಿಸಿದಳು, ಅವನು ಒತ್ತಿದಾಗ ಅಯ್ಯೋ ಎಂದು ಕೈಯನ್ನೂ ಹಿಡಿದಳು. ಪಾಪ, ಅವನದೇನು ತಪ್ಪು? ಓದಿದ್ದನ್ನೆಲ್ಲ ಸರಿಯಾಗಿಯೇ ಮಾಡಿದ. ಬಲಗಡೆಯನ್ನು ಸ್ಕ್ಯಾನ್ ಮಾಡಿಸಿ, ಏನೂ ಇಲ್ಲವೆಂದು ಮಾತ್ರೆ ಬರೆದುಕೊಟ್ಟ.

"ಬೇರೆ ಹೇಳ್ಬೇಕು ಅಂತಿದ್ದೆ. ಬಾಯಿಗೆ ಅದೇ ಬಂತು," ಎಂದಳು ಅಕ್ಕ ಮೆಟ್ಟಿಲ ಮೇಲೆ.

"ವಾಪಸ್ ಹೋಗೋಣ?"

"ಬೇಡ ಬಿಡು. ಏನೂ ಇಲ್ಲ ಅಂದ್ರಲ್ಲ."

ತಂಗಿಗೂ ಅಷ್ಟೇ ಬೇಕಿತ್ತು. ಲಾಂಡ್ರಿಗೆ ಹೊತ್ತಾಗಿತ್ತು.

ಬೇಸಿಗೆಯಲ್ಲಿ, ಪರೀಕ್ಷೆಯ ನಡುವೆಯೇ ಅಕ್ಕನ ಬಾಯಿ ಕಟ್ಟಿತು. ವಿದ್ಯಾರ್ಥಿ ಕೇಳುತ್ತಲೇ ಇದ್ದ, ಪರೀಕ್ಷಕರು ಮಾತು ಮರೆತಳೆಂದುಕೊಂಡರು. ಅವಳು ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದ ಮೇಲೆ ಎಲ್ಲರಿಗೂ ತಿಳಿಯಿತು. ಗಡ್ಡೆ ಇದ್ದದ್ದು ಎಡಗಡೆ, ಹೊಟ್ಟೆಯ ಹಿಂದೆ. ಕೈ ಮೀರಿಹೋಗಿತ್ತು.

ಆ ಡಾಕ್ಟರು ದಿನವೂ ಬಂದು ಮಂಚದ ಪಕ್ಕ ಕೂರುತ್ತಿದ್ದ. ಒಂದು ಮಧ್ಯಾಹ್ನ, "ಪಾಠ ಬಿಟ್ಟು ಹೇಳಿ ಅಕ್ಕ, ಹೇಗಿತ್ತು?" ಎಂದ.

ಅಕ್ಕನ ಬಾಯಿಂದ ಒಂದೊಂದೇ ಮಾತು ಹೊರಬಂತು. "ಬೆನ್ನ ಮೇಲೆ ಒದ್ದೆ ಬಟ್ಟೆ ಗಂಟು ಹೊತ್ತ ಹಾಗೆ. ಇಳಿಸೋಕೆ ಜಾಗ ಸಿಗದ ಹಾಗೆ."

"ಮನೇಲಿ ಹೇಳಿದ್ರಾ?"

"ತಂಗಿಗೆ ಹೇಳ್ದೆ. ಅವಳು ನಕ್ಕುಬಿಟ್ಲು."

ಕಾಲ ಬಳಿ ಹೊದಿಕೆ ಸರಿಪಡಿಸುತ್ತಿದ್ದ ತಂಗಿಯ ಕೈ ನಿಂತಿತು. ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇರಬಾರದಿತ್ತೇ ಎಂದು ತಂಗಿಗೆ ಅನ್ನಿಸಿತು.

ಅಕ್ಕ ಹೋದ ಮೇಲೆ ವಿಶ್ವವಿದ್ಯಾಲಯದವರು ಅವಳು ಡಾಕ್ಟರಿಗೆ ಹೇಳಿದ್ದನ್ನೇ ಬರೆದು ಹೊಸ ಪಾಠ ಮಾಡಿದರು. ಇಂಥ ನೋವನ್ನು ಹುಡುಗರು ಮತ್ತೆ ಗುರುತಿಸದೆ ಬಿಡಬಾರದೆಂದು ಡಾಕ್ಟರು ಹಟ ಹಿಡಿದಿದ್ದ. ಹೇಳುವವರು ಬೇಕಿತ್ತು. ತಂಗಿಯನ್ನು ಕೇಳಿದಾಗ ಅವಳು ಅವನ ಮುಖಕ್ಕೆ ಹೊಡೆದಂತೆ ಆಗಲ್ಲ ಎಂದಳು. ಬೇರೆ ಯಾರೋ ಹೆಂಗಸು ಅಕ್ಕನ ಮಾತನ್ನು ಗಿಣಿಯ ಹಾಗೆ ಒಪ್ಪಿಸುವುದನ್ನು ನೆನೆದು ಮಾರನೆಯ ದಿನ ತಾನೇ ಹೋದಳು.

ಮೊದಲು ಬಂದವಳು ಇಸ್ತ್ರಿ ಕೋಟಿನ ಹುಡುಗಿ. ಕೋಟು ತಂಗಿಯೇ ಒಗೆದದ್ದು. ಒದ್ದೆ ಗಂಟಿನ ಮಾತು ಸರಾಗವಾಗಿ ಬಂತು.

"ಮನೇಲಿ ಯಾರಿಗಾದ್ರೂ ಹೇಳಿದ್ರಾ?"

"ತಂಗಿಗೆ ಹೇಳ್ದೆ," ಎಂದಳು ತಂಗಿ. "ಅವಳು ನಕ್ಕುಬಿಟ್ಲು."

ಹುಡುಗಿ ಅದನ್ನು ಬರೆದುಕೊಂಡು, ಊಟ ಸೇರುತ್ತದೆಯೇ ಎಂದು ಕೇಳಿದಳು. ಹೊರಗೆ ಇನ್ನೂ ಸಾಲಿತ್ತು. ಎಲ್ಲರಿಗೂ ಇದನ್ನೇ ಹೇಳಬೇಕಿತ್ತು, ಒಂದಕ್ಷರ ಹೆಚ್ಚುಕಡಿಮೆ ಆಗದ ಹಾಗೆ.