ಶರಣಪ್ಪನ ದನಿ ಮತ್ತು ಐದನೆಯ ನಂಬರು

ಇವತ್ತು ಬೆಳಿಗ್ಗೆ ಹಾಲು ತರಲು ಕೆಳಗಿಳಿಯುವಾಗ ಮೊದಲ ಮಹಡಿಯ ಮನೆಯಿಂದ ಬಜೆ ತೇಯುವ ವಾಸನೆ ಬಂತು. ಅಲ್ಲಿ ಬಾಣಂತಿ ಇದ್ದಾಳೆ. ಇಲ್ಲಿಯ ಮರಾಠಿಯವರು ಅದಕ್ಕೆ ವೇಖಂಡ ಅನ್ನುತ್ತಾರೆ, ಆದರೆ ಕೆಲಸ ಒಂದೇ: ಜೇನಿನಲ್ಲಿ ತೇಯ್ದು ಕೂಸಿಗೆ ನೆಕ್ಕಿಸಿದರೆ ನಾಲಿಗೆ ಚೆನ್ನಾಗಿ ತಿರುಗುತ್ತದಂತೆ. ನಿಮಗೂ ನಿಮ್ಮ ಅಜ್ಜಿ ನೆಕ್ಕಿಸಿರಬಹುದು. ನಾನು ಮಾತ್ರ ಅದನ್ನು ಮೂವತ್ತೈದು ವರ್ಷದ, ದಪ್ಪ ಮೀಸೆಯ ಗಂಡಸಿಗೆ ನೆಕ್ಕಿಸಿದವನು. ಕೇಳಿ, ನಗು ಬಂದರೆ ನಗಿ, ನನ್ನ ಅಭ್ಯಂತರವೇನಿಲ್ಲ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆಗ ನಾವು ಚಿಂಚವಾಡದಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೆವು. ಒಂದು ಕಾರ್ಖಾನೆಯ ಕಚೇರಿಯಲ್ಲಿ ನಾನು ಕಾರಕೂನ. ಆದರೆ ಸುತ್ತಲಿನ ಕನ್ನಡದ ಮನೆಗಳಲ್ಲಿ ನನ್ನನ್ನು ‘ಕಂಪ್ಯೂಟರ್ ಅಣ್ಣಾರು’ ಎಂದೇ ಕರೆಯುತ್ತಿದ್ದರು. ಆ ಪದವಿ ನನಗೆ ಬಂದದ್ದು, ಒಬ್ಬರ ಮನೆಯಲ್ಲಿ ಮೌಸಿನ ಹೊಟ್ಟೆ ತೆಗೆದು, ಗುಂಡು ಒರೆಸಿ, ವಾಪಸು ಹಾಕಿದ್ದರಿಂದ. ಅದರ ಆಚೆಗೆ ನನ್ನ ವಿದ್ಯೆ ಹೆಚ್ಚೇನೂ ಇರಲಿಲ್ಲ. ಇದನ್ನು ನಾನಾಗಿ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮುಂದೆ ಕಚೇರಿಯಲ್ಲಿ ಬೇಡವೆಂದು ತೆಗೆದಿಟ್ಟ ಒಂದು ಲ್ಯಾಪ್‌ಟಾಪ್ ನನ್ನ ಪಾಲಿಗೆ ಬಂತು. ಇಟ್ಟಿಗೆಯಷ್ಟು ಭಾರ. ಅದರ ಪಕ್ಕೆಯ ಸಂದಿಗೆ ಇಂಟರ್ನೆಟ್ ಬರಲೆಂದು ಒಂದು ಮೋಡೆಮ್ ಕಾರ್ಡು ತಂದು ತುರುಕಿದೆ. ಇಂಟರ್ನೆಟ್ ಬರಲಿಲ್ಲ. ಕಾರ್ಡು ಅಲ್ಲೇ ಉಳಿಯಿತು, ನೋಡಿದವರು ನೋಡಲಿ ಎಂದು.

ಶರಣಪ್ಪ ಯಾದಗಿರಿ ಕಡೆಯವನು, ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಹನ್ನೆರಡು ವರ್ಷದಿಂದ ಲೇಥ್ ಮಷೀನಿನ ಮೇಲೆ ಕೆಲಸ. ಕೈ ಬಂಗಾರ, ನಾಲಿಗೆಯದೇ ತೊಂದರೆ. ಕೆಲವು ಅಕ್ಷರಗಳ ಮೇಲೆ, ಅದರಲ್ಲೂ ‘ಕ’ದ ಮೇಲೆ, ತಡೆಯುತ್ತಿದ್ದ. ಸೂಪರ್‌ವೈಸರ್ ಜಾಗಕ್ಕೆ ಅವನ ಹೆಸರು ಬಂತು. ಹದಿನೈದು ದಿನಕ್ಕೆ ಸಂದರ್ಶನ, ಅದೂ ಮರಾಠಿಯಲ್ಲಿ, ನಾಲ್ಕು ಜನ ಸಾಹೇಬರ ಮುಂದೆ. ಹೆದರಿಕೊಂಡು ನಮ್ಮ ಮನೆಗೆ ಬಂದ. “ಅಣ್ಣಾರ, ಇದೊಂದ್ ಸಲ ದಾಟಿಸಿ ಬಿಡ್ರಿ” ಎಂದ.

ನನಗೆ ಅಷ್ಟೇ ಬೇಕಿತ್ತು. ಅವನು ಮಾತಾಡುವುದು, ನಾನು ಲ್ಯಾಪ್‌ಟಾಪಿನಲ್ಲಿ ಹಿಡಿಯುವುದು, ಆಮೇಲೆ ಅವನಿಗೇ ಕೇಳಿಸಿ ತಿದ್ದುವುದು ಎಂದು ಗೊತ್ತುಮಾಡಿದೆ. ಮೊದಲ ಪಾಳಿ ಮುಗಿಸಿ ನಾಲ್ಕು ಗಂಟೆಗೆ ಬರುತ್ತಿದ್ದ. ಮೊದಲು ಬಜೆ, ಆಮೇಲೆ ಮಾತು. ಆ ಘಾಟಿಗೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. “ನುಂಗು, ನುಂಗು, ಔಷಧ ಅದ” ಎನ್ನುತ್ತಿದ್ದೆ.

“ಮೀ ಶರಣಪ್ಪ, ಬಾರಾ ವರ್ಷಂ ಲೇಥ್‌ವರ್ ಆಹೆ” ಎಂದು ಅವನು ತನ್ನ ಹೆಸರು, ಹನ್ನೆರಡು ವರ್ಷದ ಲೇಥ್ ಕೆಲಸ ಹೇಳಿ ಶುರು ಮಾಡುತ್ತಿದ್ದ. ನಾನು ಕೇಳುತ್ತಿದ್ದೆ ಎಂದುಕೊಂಡಿರಾ? ಇಲ್ಲ. ಪರದೆಯ ಮೇಲೆ ಒಂದು ಹಸಿರು ಗೆರೆ ಕುಣಿಯುತ್ತಿತ್ತು, ಅದನ್ನು ನೋಡುತ್ತ ಕೂತಿರುತ್ತಿದ್ದೆ. ಮುಗಿದ ಮೇಲೆ ಗುಂಡಿ ಒತ್ತಿದರೆ ಲ್ಯಾಪ್‌ಟಾಪಿನಿಂದ “ಮೀ ಶ-ಶ-ಶ-ಶ-ಶರಣಪ್ಪ, ಬಾರಾ ವ-ವ-ವ-ವ” ಎಂದು ಬರುತ್ತಿತ್ತು. ಅವನ ಮುಖ ಸಣ್ಣದಾಗುತ್ತಿತ್ತು.

“ನಾ ಇಷ್ಟ್ ತೊದಲ್ತೀನೇನ್ರಿ? ನನ್ನ ಹೆಸರಿಗೆ ನಾ ಎಂದೂ ತಡದಿಲ್ಲಲ್ರಿ.”

“ನಮ್ಮ ದನಿ ನಮಗ ಗೊತ್ತಾಗಂಗಿಲ್ಲೋ. ಮಷೀನು ಸುಳ್ಳ ಹೇಳಂಗಿಲ್ಲ” ಎಂದೆ.

ಒಳಗೆ ಮೆಂತ್ಯ ಸೊಪ್ಪು ಸೋಸುತ್ತಿದ್ದ ನನ್ನ ಹೆಂಡತಿ ಸುಶೀಲಾ ರಾತ್ರಿ ಊಟಕ್ಕೆ ಕೂತಾಗ, “ಅಂವಾ ಛಂದಾಗೇ ಮಾತಾಡಿದ್ನಲ್ರಿ, ನಾ ಕೇಳೀನಿ” ಎಂದಳು. ಕಂಪ್ಯೂಟರಿನ ವಿಷಯ ನಿನಗೇನು ತಿಳಿಯುತ್ತದೆ ಎಂದು ಬಾಯಿ ಮುಚ್ಚಿಸಿದೆ. ಮರುದಿನ ಬಜೆಯ ಪ್ರಮಾಣ ಹೆಚ್ಚಿಸಿದೆ.

ಎಂಟು ದಿನವಾದ ಮೇಲೆ ಶರಣಪ್ಪ ಬರುವುದು ನಿಂತಿತು. ಪಾಳಿ ಬದಲಾಗಿರಬೇಕು ಎಂದುಕೊಂಡು ಸುಮ್ಮನಾದೆ. ಆ ವಾರ ನಮ್ಮ ಕನ್ನಡದವರ ಕೂಟದಲ್ಲಿ ನಾನೊಂದು ಭಾಷಣ ಮಾಡುವುದಿತ್ತು. ಲ್ಯಾಪ್‌ಟಾಪಿನ ಮುಂದೆ ಕೂತು ಅಭ್ಯಾಸ ಮಾಡಿದೆ. ಹಾಕಿ ಕೇಳಿದರೆ “ಮಾ-ಮಾ-ಮಾ-ಮಾ-ಮಾನ್ಯರೇ!” ನಾನು ಏನು ಮಾಡಿದೆ ಗೊತ್ತೇ? ಶರಣಪ್ಪನ ತೊದಲು ನನಗೆ ಅಂಟಿತು ಎಂದುಕೊಂಡೆ. ಎರಡು ದಿನ ಹೆಂಡತಿಗೆ ಗೊತ್ತಾಗದ ಹಾಗೆ ಬಚ್ಚಲಲ್ಲಿ ನಿಂತು ನಾನೇ ಬಜೆ ನೆಕ್ಕಿದೆ.

ಮೂರನೆಯ ದಿನ ಮನಸ್ಸಿಗೆ ಸಮಾಧಾನವಾಗಲಿ ಎಂದು ಅದೇ ಲ್ಯಾಪ್‌ಟಾಪಿಗೆ ಒಂದು ಭಜನೆಯ ಸಿ.ಡಿ. ಹಾಕಿದೆ. ಗಾಯಕರು “ವಿ-ವಿ-ವಿ-ವಿ-ವಿಠ್ಠಲ” ಎಂದರು. ಅವರಿಗೆ ಬಜೆ ನೆಕ್ಕಿಸುವುದು ನನ್ನ ಕೈಯಲ್ಲಿರಲಿಲ್ಲ.

ಆಗ ಬುದ್ಧಿ ಬಂತು. ಕಚೇರಿಯ ಗೆಳೆಯನೊಬ್ಬನನ್ನು ಕೇಳಿದೆ, ಅವನು ಹೇಳಿದಂತೆ ಲ್ಯಾಪ್‌ಟಾಪಿನ ಭಾಗಗಳ ಪಟ್ಟಿ ತೆರೆದೆ. ಮೋಡೆಮಿನ ಮುಂದೆ ಏನೋ ತಪ್ಪಿದೆ ಎನ್ನುವ ಹಳದಿ ಗುರುತು. ಕಂಪ್ಯೂಟರಿನ ಒಳಗಿನ ಒಂದೊಂದು ಭಾಗವೂ ಪ್ರೊಸೆಸರನ್ನು ಕರೆಯಲು ಒಂದೊಂದು ನಂಬರು ಇಟ್ಟುಕೊಂಡಿರುತ್ತದೆ, ಮನೆಗೊಂದು ಕರೆಗಂಟೆ ಇದ್ದ ಹಾಗೆ. ನನ್ನ ಸೌಂಡ್ ಕಾರ್ಡಿಗೂ ಮೋಡೆಮಿಗೂ ಒಂದೇ ನಂಬರು, ಐದು. ಸೌಂಡ್ ಕಾರ್ಡು ದನಿಯ ಮುಂದಿನ ತುಣುಕು ಬೇಕೆಂದು ಕರೆದರೆ, ಕರೆದವರು ಯಾರೆಂದು ಪ್ರೊಸೆಸರಿಗೆ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಹಳೆಯ ತುಣುಕೇ ನಾಲ್ಕೈದು ಸಲ ಮೊಳಗುತ್ತಿತ್ತು. ಮೋಡೆಮ್ ಕಾರ್ಡನ್ನು ಕಿತ್ತೆಸೆದು ಮತ್ತೆ ಭಜನೆ ಹಾಕಿದೆ. ವಿಠ್ಠಲ ನೆಟ್ಟಗೆ ಬಂದ.

ಆಮೇಲೆ ಕೈ ತಾನಾಗಿ ಶರಣಪ್ಪನ ರೆಕಾರ್ಡಿಂಗಿನ ಮೇಲೆ ಹೋಯಿತು. ಹಿಡಿಯುವಾಗ ಸರಿಯಾಗಿಯೇ ಹಿಡಿದಿತ್ತು, ಕೇಳಿಸುವಾಗ ಮಾತ್ರ ಕೆಟ್ಟಿತ್ತು. ಹನ್ನೆರಡು ವರ್ಷದ ಕೆಲಸವನ್ನು ಅವನು ನಿಧಾನವಾಗಿ, ಸ್ಪಷ್ಟವಾಗಿ ಹೇಳಿದ್ದ. ತಡೆದದ್ದು ಎರಡೇ ಕಡೆ. ಎಂಟು ದಿನ ಎದುರಿಗೆ ಕೂತಿದ್ದರೂ ನಾನು ಅವನ ದನಿ ಕೇಳಿದ್ದು ಅದೇ ಮೊದಲು.

ಚಪ್ಪಲಿ ಮೆಟ್ಟಿಕೊಂಡು ಅವನ ಖೋಲಿಗೆ ಓಡಿದೆ. ಸಂದರ್ಶನ ಹಿಂದಿನ ದಿನವೇ ಆಗಿತ್ತು. ಅವನು ಹೋಗಿರಲಿಲ್ಲ. “ನನ್ನ ದನಿ ನಾನ ಕೇಳೀನಲ್ರಿ. ಆ ಸಾಹೇಬ್ರಿಗೆ ಅದನ್ನ ಹ್ಯಾಂಗ ಕೇಳಸ್ಲಿ?” ಎಂದ, ನನಗೆ ಚಹಾ ಕೊಟ್ಟ. ನಾನು ಚಹಾ ಕುಡಿದೆ, ಮಳೆ ಬೆಳೆ ಮಾತಾಡಿದೆ, ಎದ್ದು ಬಂದೆ. ಕಂಪ್ಯೂಟರ್ ಅಣ್ಣಾರು ತಪ್ಪು ಒಪ್ಪಿಕೊಳ್ಳುವುದು ಹೇಗೆ? ಅವನು ಲೇಥ್ ಮಷೀನಿನ ಮೇಲೆಯೇ ನಿವೃತ್ತನಾಗಿ ಊರಿಗೆ ಹೋದ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಇವತ್ತು ಹಾಲು ಒಳಗಿಟ್ಟವನೇ ಫೋನು ಹಚ್ಚಿದೆ. “ಶರಣಪ್ಪಾ, ಅವತ್ತ ತೊದಲಿದ್ದು ನೀ ಅಲ್ಲೋ, ನನ್ನ ಲ್ಯಾಪ್‌ಟಾಪು. ಗೊತ್ತಾದ ಮ್ಯಾಲೂ ನಿನಗ ಹೇಳಲಿಲ್ಲ ನಾ” ಎಂದೆ.

ಬೈಯಲಿ ಎಂದು ಕಾದೆ.

“ಹಂಗಾರ ನಾ ಛಲೋ ಮಾತಾಡಿದ್ನೇನ್ರಿ?”

“ಭಾಳ ಛಲೋ ಮಾತಾಡಿದ್ದಿ.”

“ಆ ರೆಕಾರ್ಡಿಂಗ್ ಅದ ಏನ್ರಿ?”

“ಇಲ್ಲೋ. ಲ್ಯಾಪ್‌ಟಾಪ್ ಗುಜರಿಗೆ ಹೋಗಿ ಎಷ್ಟೋ ವರ್ಷಾತು.”

“ಹಂಗಾರ ಒಂದ್ ಕೆಲಸ ಮಾಡ್ರಿ ಅಣ್ಣಾರ. ನನ್ನ ಹೆಂಡ್ತಿ ಕೈಯಾಗ ಫೋನ್ ಕೊಡ್ತೀನಿ. ಈಗ ಹೇಳಿದ್ದು ಆಕೀಗೂ ಒಮ್ಮೆ ಹೇಳ್ರಿ” ಎಂದ.

ಆಕೆ ಬಂದಳು. ನಾನು ಮೊದಲಿನಿಂದ, ಒಂದನ್ನೂ ಬಿಡದೆ ಹೇಳಿದೆ.