ನಾಗರತ್ನಾಳ ನಡುಮನೆ

ನಾಗರತ್ನಾಳ ಎದುರು ಅವಳ ಅಣ್ಣನ ಬಗ್ಗೆ ಯಾರೂ ಒಂದು ಮಾತು ಎತ್ತುವ ಹಾಗಿರಲಿಲ್ಲ. ಎತ್ತಿದವರ ಗತಿ ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಎತ್ತಿದವಳು ನಾನೇ. ಕಲಬುರಗಿಯ ಬ್ರಹ್ಮಪುರದಲ್ಲಿ ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳದಿದ್ದರೆ ನನಗೆ ಬೆಳಗಿನ ಚಹಾ ರುಚಿಸುವುದಿಲ್ಲ. ಆ ಸಲುಗೆಯಲ್ಲಿ ಒಮ್ಮೆ, ಕಮಲಾಪುರದ ನೀರಾವರಿ ಹೊಲ ತಾನು ಇಟ್ಟುಕೊಂಡು ಈ ಹಳೇ ಮನೆಯನ್ನು ನಿನ್ನ ಕೊರಳಿಗೆ ಕಟ್ಟಿದ್ದಾನಲ್ಲ ನಿಮ್ಮಣ್ಣ, ಅಂದುಬಿಟ್ಟೆ. ವಾರಗಟ್ಟಲೆ ಅವಳು ನನ್ನ ಕಡೆ ಮುಖ ಮಾಡಲಿಲ್ಲ.

ಅವಳು ಹುಟ್ಟಿದ್ದು ಇದೇ ಮನೆಯಲ್ಲಿ. ಅಪ್ಪ ಜೋಳದ ವ್ಯಾಪಾರಿ. ಸೇಡಂಗೆ ಕೊಟ್ಟಿದ್ದರು. ಚೊಚ್ಚಲ ಬಾಣಂತನವೂ ಇಲ್ಲೇ ಆಯಿತು; ಆ ಮಗಳು ಅಂಬಿಕಾ ಈಗ ಮದುವೆಯಾಗಿ ಬೀದರಿನಲ್ಲಿದ್ದಾಳೆ. ಗಂಡ ತೀರಿಕೊಂಡ ಮೇಲೆ ಅತ್ತೆಮನೆಯವರಿಗೆ ಇವಳು ಭಾರವಾದಳು. ಅಷ್ಟರಲ್ಲಿ ಅಪ್ಪನೂ ಹೋಗಿದ್ದ. ತಾಯಿ ಶಾರದಾಬಾಯಿಯನ್ನು ಕರೆದುಕೊಂಡು ಅಣ್ಣ ಅಮರನಾಥ ಕಮಲಾಪುರದ ಹೊಲದ ಕಡೆ ಹೊಸ ಮನೆ ಕಟ್ಟಿಸಿ, ಕೆಂಪು ಬಾಳೆ ತೋಟ ಹಚ್ಚಿಕೊಂಡು ಸುಖವಾಗಿದ್ದ. ಬ್ರಹ್ಮಪುರದ ಮನೆಗೆ ಬೀಗ ಬಿದ್ದಿತ್ತು.

ಪಾಲಿನ ಮಾತು ಬಂದಾಗ ಅಮರನಾಥ ಹತ್ತು ಮಂದಿಯ ಎದುರು, ಇಡೀ ಮನೆ ತಂಗಿಗೇ ಬರೆದುಕೊಡುತ್ತೇನೆ ಎಂದ. ಹೊಲದಲ್ಲಿ ತನಗೇನೂ ಬೇಡ ಎಂದು ಇವಳು ಸಹಿ ಹಾಕಿದಳು. ಒಂದು ಸೀರೆ ಉಡಿಸಿ ತಂಗಿಯರ ಸಹಿ ಹಾಕಿಸಿಕೊಳ್ಳುವ ಅಣ್ಣಂದಿರೇ ಓಣಿ ತುಂಬ ಇರುವಾಗ ಮನೆ ಕೊಟ್ಟವನು ದೇವರೇ ಸರಿ ಎಂದು ಎಲ್ಲರೂ ಹೊಗಳಿದರು. ಅವನು ಸೆಟೆದುಕೊಂಡು ನಿಂತು ಹೊಗಳಿಸಿಕೊಳ್ಳುತ್ತಿದ್ದ ರೀತಿ ಮಾತ್ರ ನನಗೆ ಅವತ್ತೇ ಸೇರಲಿಲ್ಲ.

ನಾಗರತ್ನಾ ನಡುಮನೆಯಲ್ಲಿ ಒಲೆ ಹೂಡಿ ರೊಟ್ಟಿ ಕೇಂದ್ರ ಶುರುಮಾಡಿದಳು. ಖಾನಾವಳಿಗಳಿಗೆ ಬಿಸಿ ರೊಟ್ಟಿ, ಮದುವೆ ಮನೆಗಳಿಗೆ ಒಣಗಿಸಿದ ಕಟಿ ರೊಟ್ಟಿ. ಓಣಿಯ ಹೆಂಗಸರು ನಾಲ್ಕೈದು ಜನ ಕೆಲಸಕ್ಕೆ ಬರುತ್ತಿದ್ದರು. ಯಾರ ಮುಂದೆಯೂ ಕೈ ಚಾಚದೆ ಬದುಕಿದಳು. ಆ ಒಂದು ಕೋಣೆ ಕೈತಪ್ಪಿದರೆ ಮತ್ತೆ ಸೇಡಂನ ಹೊಸ್ತಿಲೇ ಗತಿ ಎಂಬುದು ಅವಳಿಗೆ ಗೊತ್ತಿತ್ತು.

ಒಂದು ಮಳೆಗಾಲ ನಡುಮನೆಯ ಫರಸಿ ಕಲ್ಲಿನ ನೆಲ ತಗ್ಗಿತು. ನೆಲ ತೊಳೆದರೆ ನೀರೆಲ್ಲ ನಟ್ಟನಡುವೆ ಬಂದು ನಿಲ್ಲುತ್ತಿತ್ತು. ಕಲಬುರಗಿಯಲ್ಲಿ ನೆಲ ಕುಂತಿದೆ ಎಂದರೆ ಯಾರೂ ಬೆಚ್ಚಿಬೀಳುವುದಿಲ್ಲ. ನಮ್ಮದು ಎರೆಮಣ್ಣು, ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲೆ ಹಾಸಿದ ಕಲ್ಲನ್ನು ತನಗೆ ಬೇಕಾದಂತೆ ಕುಣಿಸುತ್ತದೆ. ಒಬ್ಬರು ಬಚ್ಚಲಿನ ಪೈಪು ಸೋರುತ್ತಿದೆ ಅಂದರು, ಅವಳು ಪೈಪು ಬದಲಿಸಿದಳು. ನಾನು ಹೆಗ್ಗಣ ಅಂದೆ, ಬಿಲ ಹುಡುಕಿ ಮುಚ್ಚಿಸಿದಳು. ನೆಲ ಮಾತ್ರ ಇಳಿಯುತ್ತಲೇ ಇತ್ತು.

ಕೊನೆಗೆ ಅಣ್ಣನೇ ಬಂದ. ಕಮಲಾಪುರದಿಂದ ಒಂದು ಟ್ರ್ಯಾಕ್ಟರ್ ಗರಸು ಮಣ್ಣು ಹೇರಿಸಿಕೊಂಡು, ಗಾರೆ ಕೆಲಸದ ಗೌಂಡಿ ನಬಿಸಾಬನನ್ನು ಗೊತ್ತುಮಾಡಿ, ಇಡೀ ದಿನ ಕುರ್ಚಿ ಹಾಕಿಕೊಂಡು ನಡುಮನೆಯಲ್ಲೇ ಕೂತ. ಫರಸಿ ಎತ್ತಿ ಗೇಣುದ್ದ ಗರಸು ಹಾಕಿ ಮತ್ತೆ ಹಾಸಬೇಕು, ಅಷ್ಟೇ. ನಬಿಸಾಬ ಗುದ್ದಲಿ ಎತ್ತಿದಾಗಲೆಲ್ಲ ಅವನದು ಒಂದೇ ಮಾತು.

“ಹಳೇ ಮನಿ ಅದ. ಕೆಳಗ ಕೈ ಹಾಕಬ್ಯಾಡ್ರಿ, ಗ್ವಾಡಿ ಕುಸೀತಾವ. ಮ್ಯಾಲಷ್ಟ ಸಮ ಮಾಡ್ರಿ.”

ಅಣ್ಣನಿಗೆ ತನ್ನ ಮನೆಯ ಗೋಡೆಯ ಮೇಲೂ ಎಷ್ಟು ಕಾಳಜಿ ಎಂದು ನಾಗರತ್ನಾ ಓಣಿ ತುಂಬ ಹೇಳಿಕೊಂಡು ತಿರುಗಿದಳು. ನನಗೂ ಬಂದು ಹೇಳಿದಳು, ಬೇಕಂತಲೇ.

ಮರುವರ್ಷ ನೆಲ ಮತ್ತೆ ಕುಂತಿತು, ಮೊದಲಿಗಿಂತ ಜೋರಾಗಿ. ಹಾಕಿದ ಗರಸಿನ ಭಾರವೂ ಸೇರಿಕೊಂಡಿತ್ತಲ್ಲ. ಒಂದು ಮಧ್ಯಾಹ್ನ ಕೆಲಸಕ್ಕೆ ಬರುತ್ತಿದ್ದ ಪಕ್ಕದ ಓಣಿಯ ಹುಡುಗಿ ಮುಸ್ಕಾನ್ ಹಿಟ್ಟಿನ ಡಬ್ಬಿ ಎತ್ತಿ ಇಡುವಾಗ ಕಾಲ ಕೆಳಗಿನ ಫರಸಿ ಎರಡು ಹೋಳಾಯಿತು. ಮೊಣಕಾಲಿನವರೆಗೆ ಕಾಲು ಒಳಗೆ ಹೋಗಿ ಅವಳು ಮುಗ್ಗರಿಸಿ ಬಿದ್ದಳು. ಕಾದ ಹಂಚು ಜಾರಿ ಅವಳ ಮುಖದ ಪಕ್ಕದಲ್ಲೇ ಬಂದು ಬಿತ್ತು. ಸದ್ದಿಗೆ ನಾನು ಓಡಿಹೋದಾಗ ನಾಗರತ್ನಾ ಆ ಹುಡುಗಿಯ ಕಾಲು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ರಕ್ತ ಒರೆಸುತ್ತಿದ್ದಳು. ಅವತ್ತೇ ಒಲೆ ಆರಿಸಿದಳು. ಒಪ್ಪಿಕೊಂಡಿದ್ದ ಮದುವೆಯ ರೊಟ್ಟಿ ಬೇರೆಯವರ ಪಾಲಾಯಿತು.

ನಬಿಸಾಬ ಬಂದು ಹಾರೆಯಿಂದ ನೆಲ ಕುಟ್ಟಿ ನೋಡಿದ. ಕೆಳಗೆ ಪೊಳ್ಳು ಸದ್ದು ಬರುತ್ತಿದೆ, ಅಗೆಯದೆ ಇನ್ನೊಮ್ಮೆ ಫರಸಿ ಹಾಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ. ಅಣ್ಣನಿಗೆ ಫೋನು ಹೋಯಿತು. ತಾನು ಬರುವವರೆಗೆ ಯಾರೂ ಗುದ್ದಲಿ ಹಚ್ಚಬಾರದು ಎಂದ. ಒಂದು ವಾರ ಬಾಳೆಗೊನೆ ಕಡಿಯುವುದಿತ್ತು, ಇನ್ನೊಂದು ವಾರ ಬೀಗರ ಕಾರ್ಯವಿತ್ತು. ಒಲೆ ತಣ್ಣಗಿತ್ತು. ಕೆಲಸದ ಹೆಂಗಸರು ಬಾಗಿಲಿಗೆ ಬಂದು ಇಣುಕಿ ನೋಡಿ ಹೋಗುತ್ತಿದ್ದರು. ಪಾಪ, ಅಣ್ಣನಿಗೆ ಎಷ್ಟು ಸಲ ಓಡಾಟ ಕೊಡುವುದು ಎಂದು ಕೊನೆಗೆ ತಾನೇ ಅಗೆಸಲು ಹೇಳಿದಳು.

ಗರಸು ತೆಗೆದ ಕೆಳಗೆ ಒಂದು ಚಪ್ಪಟೆ ಬಂಡೆ ಸಿಕ್ಕಿತು, ನಡುವೆ ಸೀಳಿತ್ತು. ಅದನ್ನು ಸರಿಸಿದರೆ ಕತ್ತಲು. ನಬಿಸಾಬ ಎಲ್ಲರನ್ನೂ ದೂರ ನಿಲ್ಲಿಸಿ, ಇದು ಹಗೇವು ಎಂದ. ಹಿಂದೆ ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಕುಣಿ; ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಳಕೆ ಬಿಟ್ಟ ಮೇಲೆ ಅದನ್ನು ಕಲ್ಲು, ಗರಸು ಹಾಕಿ ಗಟ್ಟಿಯಾಗಿ ತುಂಬಿಸಬೇಕು. ಇಲ್ಲಿ ಯಾರೋ ಒಲೆಯ ಬೂದಿ, ಇಟ್ಟಂಗಿ ಚೂರು ಸುರಿದು ಮೇಲೆ ಬಂಡೆ ಎಳೆದುಬಿಟ್ಟಿದ್ದರು. ಬೂದಿ ನೀರು ಕುಡಿದು ಕುಗ್ಗಿತ್ತು, ಸುತ್ತಲಿನ ಎರೆಮಣ್ಣು ಒಳಗೆ ಜರಿದಿತ್ತು. ಅದರ ಮೇಲೆ ಇಷ್ಟು ವರ್ಷ ಹೆಂಗಸರು ಕೂತು ರೊಟ್ಟಿ ಬಡಿದಿದ್ದರು.

ನಾಗರತ್ನಾಳಿಗೆ ಹೆದರಿಕೆಗಿಂತ ಹಿಗ್ಗೇ ಹೆಚ್ಚಾಯಿತು. ರೋಗ ಸಿಕ್ಕಿತಲ್ಲ ಎಂಬ ಹಿಗ್ಗು. ಕೈಯೆಲ್ಲ ಮಣ್ಣು ಮಾಡಿಕೊಂಡಿದ್ದಳು, ನಾನೇ ಸ್ಪೀಕರ್ ಹಾಕಿ ಫೋನು ಹಿಡಿದೆ. ಹಾಗಾಗಿ ಮಾತು ಎಲ್ಲರಿಗೂ ಕೇಳಿಸಿತು.

“ಅಣ್ಣಾ, ನಡುಮನ್ಯಾಗ ಹಗೇವು ಸಿಕ್ಕದ ನೋಡು. ನಿನಗ, ನನಗ, ಯಾರಿಗೂ ಗೊತ್ತೇ ಇದ್ದಿಲ್ಲ.”

ಆ ಕಡೆಯಿಂದ ಅಮರನಾಥ ಕೇಳಿದ, “ಬಾಯಿ ಮ್ಯಾಲಿನ ಬಂಡೆಗಲ್ಲು ಒಡದದೇನು?”

ಬಂಡೆಯ ಸುದ್ದಿಯನ್ನು ಅವಳು ಎತ್ತಿಯೇ ಇರಲಿಲ್ಲ. ನಬಿಸಾಬ ತಲೆ ತಗ್ಗಿಸಿದ. ನಾಗರತ್ನಾ ನನ್ನ ಮುಖ ನೋಡಿದಳು, ಆಮೇಲೆ ಫೋನಿನತ್ತ ನೋಡಿದಳು, ‘ಹೂಂ’ ಎಂದಳು. ಫೋನು ಇಡು ಎಂದು ನನಗೆ ಕೈಸನ್ನೆ ಮಾಡಿದಳು. ನನ್ನ ಬಾಯಿಗೆ ಬೈಗಳು ಬಂದು ನಿಂತಿದ್ದವು. ಅವಳ ಮುಖ ನೋಡಿ ನುಂಗಿಕೊಂಡೆ.

ಮೊದಲು ನೆಲ ಆಗಲಿ ಎಂದಳು. ಕೆಟ್ಟ ಗಾಳಿ ಹೋಗಲೆಂದು ಕುಣಿಯ ಬಾಯಿ ತೆರೆದಿಟ್ಟರು, ಲಾಟೀನು ಇಳಿಸಿ ಉರಿಯುತ್ತದೆಂದು ಖಾತ್ರಿ ಮಾಡಿಕೊಂಡ ಮೇಲೆ ಬೂದಿ ಎತ್ತಿದರು. ತಳಕ್ಕೆ ದೊಡ್ಡ ಕಲ್ಲು, ಸಂದಿಗೆ ಸಣ್ಣ ಕಲ್ಲು, ಮೇಲೆ ಗರಸು. ಒಂದು ಪದರ ಹಾಕುವುದು, ನೀರು ಹೊಡೆಯುವುದು, ದಿಮ್ಮಸದಿಂದ ಬಡಿಯುವುದು, ಮತ್ತೊಂದು ಪದರ. ದಿಮ್ಮಸದ ಏಟಿಗೆ ನನ್ನ ಮನೆಯ ಪಾತ್ರೆಗಳು ಕುಣಿಯುತ್ತಿದ್ದವು. ಅವಳು ಪಕ್ಕದಲ್ಲೇ ನಿಂತು ಇನ್ನೂ ಬಡಿ, ಇನ್ನೂ ಬಡಿ ಎನ್ನುತ್ತಿದ್ದಳು. ಫರಸಿ ಕೂತಿತು, ಒಲೆ ಹತ್ತಿತು, ಕುಂಟುತ್ತಿದ್ದ ಮುಸ್ಕಾನ್ ಕೂಡ ಬಂದಳು.

ಅದಾದ ಮೇಲೆ ಕಮಲಾಪುರದ ಬಸ್ಸು ಹತ್ತಿದೆವು. ಅಮರನಾಥ ಮನೆಯಲ್ಲಿರಲಿಲ್ಲ, ನಾವು ಬರುವುದು ತಿಳಿದೇ ತೋಟಕ್ಕೆ ಹೋಗಿದ್ದ ಎಂದು ನನ್ನ ಗುಮಾನಿ. ಶಾರದಾಬಾಯಿ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಹಗೇವು ಎಲ್ಲಿದೆ ಎಂದು ತಮ್ಮ ಮನೆತನದಲ್ಲಿ ಗಂಡುಮಕ್ಕಳಿಗಷ್ಟೇ ಹೇಳುವುದು; ಹೆಣ್ಣುಮಕ್ಕಳು ಮತ್ತೊಬ್ಬರ ಮನೆಗೆ ಹೋಗುವವರು, ಕಾಳಿನ ಗುಟ್ಟೂ ಅವರ ಜೊತೆ ಹೋಗುತ್ತದೆ. ಕಾಳು ತೆಗೆಯಲು ಅಮರನಾಥನನ್ನು ಹಗ್ಗ ಕಟ್ಟಿ ಅದರೊಳಗೆ ಇಳಿಸುತ್ತಿದ್ದರಂತೆ. ಮುಂದೆ ಅವನು ಮನೆ ಮಾರಲು ಹೋದಾಗ, ಕೊಳ್ಳಲು ಬಂದವನು ಹೇಗೋ ಹಗೇವಿನ ಸುದ್ದಿ ತಿಳಿದು ಹಿಂದೆ ಸರಿದನಂತೆ. ಯಾರೂ ಕೊಳ್ಳದ ಆ ಮನೆಯನ್ನು ಆಮೇಲೆ ತಂಗಿಗೆ ಕೊಟ್ಟಿದ್ದು.

ನಾಗರತ್ನಾ ತಾಯಿಯ ಎದುರು ಕೂತೇ ಇದ್ದಳು. ಬೂದಿ ಸುರಿದವರು ಯಾರು, ಬಂಡೆ ಎಳೆದವರು ಯಾರು, ಒಂದನ್ನೂ ಕೇಳಲಿಲ್ಲ. ಶಾರದಾಬಾಯಿಯೇ ಮಾತು ಮುಂದುವರಿಸಿದರು.

“ನೀ ಬಾಣಂತನಕ್ಕ ಬಂದಾಗ ನಿನ್ನ ಮಂಚ ನಡುವ ಹಾಕಗೊಡಲಿಲ್ಲ ನಾ. ಗ್ವಾಡಿ ಕಡಿ ಸರಿಸಿದ್ದೆ. ನನ್ನ ಕೈಲೆ ಆಗಿದ್ದು ಅಷ್ಟ.”

ಹೇಳಿ ಮಗಳ ಕೈ ಹಿಡಿಯಲು ಬಂದರು. ನಾಗರತ್ನಾ ಕೈ ಹಿಂದೆ ತೆಗೆದುಕೊಂಡಳು.

“ಮಂಚ ಸರಿಸಿದಿ. ಅದೇ ಜಾಗಾದಾಗ ನಾ ಒಲಿ ಹೂಡಿದಾಗ ನೀನೇ ಬಂದು ಕುಂಕುಮ ಹಚ್ಚಿದಿ. ಅವತ್ತರ ಹೇಳಬಾರದೇನವ್ವಾ?”

ಗಂಡ ಹಾಕಿದ ಆಣೆ, ಮನೆತನದ ರೀತಿ, ಏನಾದರೂ ಒಂದು ನೆವ ಹೇಳುತ್ತಾರೆಂದು ನಾನು ಕಾದೆ. ಶಾರದಾಬಾಯಿ ತೊಗರಿಯಲ್ಲಿ ಕೈಯಾಡಿಸುತ್ತ ಮೆಲ್ಲಗೆ ಹೇಳಿದರು.

“ಹೇಳಿದ್ರ ನೀ ಹೊಲದಾಗ ಪಾಲು ಕೇಳ್ತಿದ್ದಿ.”

ನಾಗರತ್ನಾ ಎದ್ದಳು. ಊಟ ಮಾಡಿ ಹೋಗು ಎಂದು ತಾಯಿ ಕರೆದರೂ ತಿರುಗಲಿಲ್ಲ. ಬಸ್ಸಿನಲ್ಲಿ ಕಲಬುರಗಿ ಮುಟ್ಟುವತನಕ ಅಳುತ್ತಲೇ ಇದ್ದಳು, ಜನ ನೋಡುತ್ತಾರೆಂಬ ಹಂಗೂ ಇಲ್ಲದೆ. ಅಮರನಾಥನನ್ನು ಬೈದು ಅವಳನ್ನು ಸಮಾಧಾನ ಮಾಡಲು ಹೋದೆ. ಅವಳು ತಡೆದಳು. ಈ ಸಲ ಅಣ್ಣನ ಪರವಾಗಿ ಅಲ್ಲ.

“ಅವನ ಸುದ್ದಿ ಬಿಡು. ಅವ ಹೊಲಕ್ಕ ಆಶಿ ಮಾಡ್ಯಾನ. ಅವ್ವಗ ಹೊಲ ಬೇಕಾಗಿದ್ದಿಲ್ಲ. ಆಕಿಗಿ ನಾನೇ ಬೇಕಾಗಿದ್ದಿಲ್ಲ.”