ಟಿಸಿಯ ಗುಂಯ್

ಅರವತ್ತು ಮಕ್ಕಳ ಗಲಾಟೆಯ ನಡುವೆ ಮೂವತ್ತು ವರ್ಷ ಹಿಂದಿ ಪಾಠ ಮಾಡಿದ ನನಗೆ, ನಿವೃತ್ತಿಯಾದ ಮೇಲೆ ಒಂದು ಟ್ರಾನ್ಸ್‌ಫಾರ್ಮರಿನ ಸದ್ದು ಸಹಿಸಲಾಗಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ. ಹೊನ್ನಾಳಿಯ ನಮ್ಮ ಬೀದಿಯಲ್ಲಿ ಎಲ್ಲರೂ ಟಿಸಿ ಎಂದು ಕರೆಯುವ ಆ ಡಬ್ಬ ನನ್ನ ಕಿಟಕಿಯ ಪಕ್ಕದಲ್ಲೇ ನಿಂತಿದೆ. ಕಾಫಿ ಕುಡಿದರೂ ಗುಂಯ್, ಪೇಪರ್ ಓದಿದರೂ ಗುಂಯ್. ದೇವರ ಮುಂದೆ ಕಣ್ಣು ಮುಚ್ಚಿದರೆ ನನ್ನ ಓಂಕಾರಕ್ಕಿಂತ ಮೊದಲು ಅದರದ್ದೇ ಶುರುವಾಗುತ್ತಿತ್ತು.

ಸಿಟ್ಟು ಬಂದರೆ ನಾನು ಓದಲು ಕೂರುವವಳು. ಅದರ ಹೊಟ್ಟೆಯೊಳಗಿನ ಕಬ್ಬಿಣದ ತಗಡುಗಳು ಸೆಕೆಂಡಿಗೆ ನೂರು ಸಲ ಹಿಗ್ಗಿ ಕುಗ್ಗುತ್ತವಂತೆ. ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣ ಉಸಿರಾಟ. ಬೋಲ್ಟು ಸಡಿಲವಾದರೆ ಸದ್ದು ಜೋರಾಗುತ್ತದಂತೆ. ಇಷ್ಟು ತಿಳಿದದ್ದೇ ತಡ, ವಿದ್ಯುತ್ ಕಚೇರಿಗೆ ಅರ್ಜಿ ಗುಜರಾಯಿಸಿದೆ.

ಕೊನೆಗೊಂದು ಬೆಳಗ್ಗೆ ಲೈನ್‌ಮನ್‌ಗಳು ಬಂದರು. ಕರೆಂಟ್ ತೆಗೆದರು, ಬೋಲ್ಟು ಬಿಗಿದರು, ಬುಡಕ್ಕೆ ರಬ್ಬರ್ ಹಾಸಿದರು, ಕರೆಂಟ್ ಕೊಟ್ಟು ಹೋದರು. ಕಿವಿಗೊಟ್ಟೆ. ಸದ್ದೇ ಇಲ್ಲ! ಗೆದ್ದ ಖುಷಿಗೆ ಕೇಸರಿಬಾತ್ ಮಾಡಲು ರವೆ ಹುರಿಯುತ್ತಿದ್ದಾಗ ಎದುರು ಸಾಲಿನಿಂದ ಚೀರಾಟ ಕೇಳಿಸಿತು.

ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುವ ಕರಿಬಸಪ್ಪ ತನ್ನ ಅಂಗಡಿಯಲ್ಲಿ ನೆಲಕ್ಕೆ ಬಿದ್ದಿದ್ದ. ಹೆಂಡತಿ ರತ್ನಮ್ಮ ಮೇನ್ ಸ್ವಿಚ್ ಎಳೆದು, ಒಣಗಿದ ಕೋಲಿನಿಂದ ವೈರು ಸರಿಸಿದ್ದಳು. ಆಟೋದಲ್ಲಿ ಅವನನ್ನು ಆಸ್ಪತ್ರೆಗೆ ಒಯ್ಯುವಾಗ ನಾನು ಗದರಿಸುವ ದನಿಯಲ್ಲೇ ಕೇಳಿದೆ, "ಕರೆಂಟ್ ಬಂದದ್ದು ನೋಡಲಿಲ್ವಾ ಇವನು?"

"ನೋಡೋದಲ್ರೀ ಟೀಚರ್, ಕೇಳೋದು," ಎಂದಳು ರತ್ನಮ್ಮ ಅಳುತ್ತ. "ವೈರ್ ಮುಟ್ಟಾಕೆ ಮೊದ್ಲು ಟಿಸಿ ಕಡೆ ಕಿವಿ ಕೊಡ್ತಾರೆ. ಗುಂಯ್ ಅಂದ್ರೆ ಕರೆಂಟ್ ಐತೆ, ಸುಮ್ನಿದ್ರೆ ಇಲ್ಲ. ಇಪ್ಪತ್ತು ವರ್ಷದಿಂದ ಹಿಂಗೇ ಮಾಡ್ಕೊಂಡ್ ಬಂದಾರ್ರೀ. ಇವತ್ತು ಅದು ಗುಂಯ್ ಅನ್ನಲೇ ಇಲ್ಲ."

ಕರೆಂಟ್ ಇನ್ನೂ ಬಂದಿಲ್ಲ ಎಂದು ಅವನಿಗೆ ಹೇಳಿದ್ದು ನಾನು ತರಿಸಿದ ನಿಶ್ಶಬ್ದ. ಅವನು ಟೆಸ್ಟರ್ ಹಿಡಿಯಬೇಕಿತ್ತು, ನಿಜ. ಆದರೆ ಅವನು ದಿನಕ್ಕೆ ಹತ್ತು ಸಲ ಕತ್ತು ವಾಲಿಸುವುದನ್ನು ಕಿಟಕಿಯಿಂದ ನೋಡಿದವಳು ನಾನು. ಪಾಪ, ಕತ್ತು ನೋವಿರಬೇಕು ಎಂದುಕೊಂಡಿದ್ದೆ! ಒಬ್ಬ ಮನುಷ್ಯನ ಪ್ರಾಣ ಕಾಯುತ್ತಿದ್ದ ಸದ್ದನ್ನು ಪೀಡೆ ಎಂದು ಬರೆದುಕೊಟ್ಟಿದ್ದೆನಲ್ಲ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನನ್ನೇ ಬೈದುಕೊಂಡೆ.

ದೇವರು ದೊಡ್ಡವನು, ಅವನು ಉಳಿದ. ಎರಡು ಬೆರಳು ಸುಟ್ಟಿದ್ದವು. ಸಂಜೆ ಹಾಸಿಗೆಯ ಪಕ್ಕ ನಿಂತು ಅರ್ಜಿಯ ವಿಷಯವನ್ನೆಲ್ಲ ಒಪ್ಪಿಕೊಂಡೆ. ಬೈಯಲಿ ಎಂದು ಕಾದೆ.

ಅವನಿಗೆ ಸಿಟ್ಟಲ್ಲ, ಆಶ್ಚರ್ಯ. "ಎದುರಿಗೇ ಇದ್ದೆನಲ್ರೀ ಟೀಚರ್, ನನಗೊಂದು ಮಾತು ಹೇಳಾಕೆ ಏನಾಗಿತ್ತು?"

ಕಚೇರಿಗೆ ನಾನು ನಾಲ್ಕು ಸಲ ಅಲೆದಿದ್ದೆ. ಮರುದಿನ ಅಳೆದು ನೋಡಿದೆ. ನನ್ನ ಬಾಗಿಲಿಂದ ಅವನ ಅಂಗಡಿಗೆ ಹನ್ನೆರಡು ಹೆಜ್ಜೆ.